ಸಂಘದ ಸಾಲದ ಕಂತು ತಪ್ಪಿದಾಗ: ವಸೂಲಿಗೆ ಬಂದವರನ್ನು ಎದುರಿಸುವ ಕ್ರಮ

2025ರ ಜನವರಿಯಲ್ಲಿ ಚಾಮರಾಜನಗರ, ರಾಮನಗರ ಮೊದಲಾದ ಜಿಲ್ಲೆಗಳಿಂದ, ಮೈಕ್ರೋಫೈನಾನ್ಸ್ ಸಾಲದ ಕಂತು ಕಟ್ಟಲಾಗದ ಕುಟುಂಬಗಳು ಮನೆಗೆ ಬೀಗ ಹಾಕಿ ಊರು ಬಿಟ್ಟ ಸುದ್ದಿಗಳು ಒಂದರ ಹಿಂದೊಂದು ಬಂದವು. ಆ ಕುಟುಂಬಗಳಿಗೆ ಊರು ಬಿಡಿ ಎಂದು ಯಾವ ನ್ಯಾಯಾಲಯವೂ ಹೇಳಿರಲಿಲ್ಲ. ನೆರೆಹೊರೆಯವರ ಎದುರು ಆಗುವ ಅವಮಾನಕ್ಕೆ ಹೆದರಿ ಅವರು ಹೊರಟಿದ್ದರು. ಪಡೆದ ಸಾಲವನ್ನು ತೀರಿಸುವ ಹೊಣೆ ಸಾಲಗಾರರದ್ದೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಆ ಹಣವನ್ನು ಯಾರು, ಯಾವ ಹೊತ್ತಿನಲ್ಲಿ, ಎಲ್ಲಿ, ಯಾವ ಮಾತಿನಲ್ಲಿ ಕೇಳಬಹುದು ಎಂಬುದಕ್ಕೆ ಸ್ಪಷ್ಟವಾದ ನಿಯಮಗಳಿವೆ, ಮತ್ತು ಆ ನಿಯಮಗಳು ನೆರವಿಗೆ ಬರಬೇಕಾದರೆ ಬಾಯಿಮಾತಿನಲ್ಲಿ ನಡೆಯುತ್ತಿರುವ ವ್ಯವಹಾರವನ್ನು ಸಾಲಗಾರರು ಆದಷ್ಟು ಬೇಗ ಕಾಗದಕ್ಕೆ ತರಬೇಕು.

ಮೊದಲು ತಿಳಿಯಬೇಕಾದದ್ದು, ಸಾಲ ಕೊಟ್ಟವರು ನಿಜವಾಗಿ ಯಾರು ಎಂಬುದು. ಊರಲ್ಲಿ ಎಲ್ಲವನ್ನೂ ‘ಸಂಘದ ಸಾಲ’ ಎನ್ನುತ್ತೇವಾದರೂ, ಅದರ ಹಿಂದೆ ಬ್ಯಾಂಕ್ ಇರಬಹುದು, ರಿಸರ್ವ್ ಬ್ಯಾಂಕಿನಲ್ಲಿ ನೋಂದಾಯಿತವಾದ ಬ್ಯಾಂಕೇತರ ಹಣಕಾಸು ಕಂಪನಿ ಇರಬಹುದು, ಅಥವಾ ಯಾವ ನೋಂದಣಿಯೂ ಇಲ್ಲದ ಮೀಟರ್ ಬಡ್ಡಿಯವರು ಸಂಘದ ಹೆಸರಿಟ್ಟುಕೊಂಡಿರಬಹುದು. ಸಾಲದ ಕಾರ್ಡನ್ನು ತೆಗೆದು ನೋಡಿ. ಸಂಸ್ಥೆಯ ಪೂರ್ಣ ಹೆಸರು, ಸಾಲದ ಮೊತ್ತ, ಬಡ್ಡಿ ದರ, ಕಂತುಗಳ ವಿವರ ಮತ್ತು ದೂರು ಕೊಡಬೇಕಾದ ದೂರವಾಣಿ ಸಂಖ್ಯೆ ಅದರಲ್ಲಿ ಇರಬೇಕು. ಕಾರ್ಡೇ ಇಲ್ಲದಿದ್ದರೆ, ಅಥವಾ ಕಟ್ಟಿದ ಕಂತಿಗೆ ರಸೀದಿ ಕೊಡದೆ ನೋಟ್‌ಬುಕ್ಕಿನಲ್ಲಿ ಗೀಚಿಕೊಂಡು ಹೋಗುತ್ತಿದ್ದರೆ, ಅದೇ ನಿಮ್ಮ ಮೊದಲ ದೂರಿನ ವಿಷಯವಾಗಬೇಕು.

ಕಿರುಸಾಲಗಳಿಗೆ ಸಂಬಂಧಿಸಿ ರಿಸರ್ವ್ ಬ್ಯಾಂಕ್ 2022ರ ಮಾರ್ಚ್ 14ರಂದು ಹೊರಡಿಸಿದ ನಿರ್ದೇಶನಗಳನ್ನು ಪ್ರತಿಯೊಂದು ಸಂಘದ ಸಭೆಯಲ್ಲೂ ಗಟ್ಟಿಯಾಗಿ ಓದಿ ಹೇಳಬೇಕೆಂಬುದು ನನ್ನ ಅಭಿಪ್ರಾಯ. ವಾರ್ಷಿಕ ವರಮಾನ 3 ಲಕ್ಷ ರೂಪಾಯಿಯವರೆಗಿನ ಕುಟುಂಬಕ್ಕೆ ಅಡಮಾನವಿಲ್ಲದೆ ಕೊಡುವ ಸಾಲ ಅವುಗಳ ಪ್ರಕಾರ ಕಿರುಸಾಲ. ಆ ಕುಟುಂಬದ ಎಲ್ಲ ಸಾಲಗಳ ಕಂತೂ ಸೇರಿ ತಿಂಗಳ ವರಮಾನದ ಶೇ 50ನ್ನು ಮೀರಬಾರದು. ಅಂದರೆ, ಈಗಾಗಲೇ ನಾಲ್ಕು ಸಂಘಗಳ ಕಂತು ಕಟ್ಟುತ್ತಿರುವ ಮನೆಗೆ ವರಮಾನವನ್ನೇ ವಿಚಾರಿಸದೆ ಐದನೆಯ ಸಾಲ ಕೊಟ್ಟಿದ್ದರೆ, ಲೋಪ ಸಾಲ ಕೊಟ್ಟವರಲ್ಲೂ ಇದೆ ಎಂದು ದೂರಿನಲ್ಲಿ ಬರೆಯಲು ನಿಮಗೆ ಆಧಾರವಿದೆ. ಕಂತನ್ನು ವಸೂಲು ಮಾಡಬೇಕಾದ ಜಾಗ ಎರಡೂ ಕಡೆಯವರು ಒಪ್ಪಿ ಗೊತ್ತುಮಾಡಿದ ಸ್ಥಳ. ಸಾಲಗಾರರು ಸತತ ಎರಡು ಅಥವಾ ಹೆಚ್ಚು ಬಾರಿ ಅಲ್ಲಿಗೆ ಬಾರದಿದ್ದರೆ ಮಾತ್ರ ಸಿಬ್ಬಂದಿ ಮನೆಗೆ ಅಥವಾ ಕೆಲಸದ ಸ್ಥಳಕ್ಕೆ ಹೋಗಬಹುದು. ಬೆಳಿಗ್ಗೆ 9ಕ್ಕೆ ಮೊದಲು ಮತ್ತು ಸಂಜೆ 6ರ ನಂತರ ಕರೆ ಮಾಡುವುದು, ಬೈಯುವುದು, ಮೇಲಿಂದ ಮೇಲೆ ಫೋನ್ ಮಾಡಿ ಪೀಡಿಸುವುದು, ನೆಂಟರಿಗೂ ಜೊತೆ ಕೆಲಸಗಾರರಿಗೂ ಕಿರುಕುಳ ಕೊಡುವುದು, ಬಾಕಿದಾರರ ಹೆಸರನ್ನು ಪ್ರಕಟಿಸುವುದು, ಕಟ್ಟದಿದ್ದರೆ ಏನಾಗುತ್ತದೆ ಎಂಬ ಬಗ್ಗೆ ಸುಳ್ಳು ಹೇಳಿ ಹೆದರಿಸುವುದು, ಇವೆಲ್ಲವೂ ನಿಷಿದ್ಧ. ಮನೆಯ ಗೋಡೆಯ ಮೇಲೆ ‘ಈ ಮನೆ ಅಡಮಾನದಲ್ಲಿದೆ’ ಎಂದು ಬಣ್ಣದಲ್ಲಿ ಬರೆಯುವುದಕ್ಕೆ ಇದರಲ್ಲಿ ಎಲ್ಲಿಯೂ ಅವಕಾಶವಿಲ್ಲ. ವೈಯಕ್ತಿಕ ಸಾಲ, ಕ್ರೆಡಿಟ್ ಕಾರ್ಡ್ ಮುಂತಾದ ಇತರ ಸಾಲಗಳ ಬಾಕಿಗೆ 2022ರ ಆಗಸ್ಟ್ 12ರ ಸುತ್ತೋಲೆ ಬೆಳಿಗ್ಗೆ 8ರಿಂದ ಸಂಜೆ 7ರವರೆಗಿನ ಅವಧಿಯನ್ನು ಗೊತ್ತುಮಾಡಿದೆ.

ಗುಂಪಿನ ಸಾಲದಲ್ಲಿ ನೋವು ಹೆಚ್ಚಾಗುವುದು ಬೇರೆ ಕಾರಣಕ್ಕೆ. ಒಬ್ಬರ ಕಂತು ಬಾರದಿದ್ದರೆ ಉಳಿದ ಸದಸ್ಯೆಯರನ್ನು ಎದ್ದು ಹೋಗಲು ಬಿಡದೆ ಕೂರಿಸಿಕೊಳ್ಳುವುದು, ಇಲ್ಲವೇ ಎಲ್ಲರನ್ನೂ ಕರೆತಂದು ಬಾಕಿದಾರಳ ಮನೆಯ ಮುಂದೆ ಕೂರಿಸುವುದು ನಡೆದುಬಂದಿದೆ. ಹೀಗೆ ಅಕ್ಕಪಕ್ಕದ ಮನೆಯ ಹೆಣ್ಣುಮಕ್ಕಳೇ ಒಬ್ಬರ ಮೇಲೊಬ್ಬರು ವಸೂಲಿಗಾರರಾಗುತ್ತಾರೆ. ಜಂಟಿ ಹೊಣೆಗೆ ಸಹಿ ಹಾಕಿದ್ದರೆ ಆ ಹೊಣೆ ಕಾಗದದಲ್ಲಿ ಬರೆದಿರುವಷ್ಟಕ್ಕೆ ಇರುತ್ತದೆ, ಅದನ್ನು ನ್ಯಾಯಾಲಯದ ಮೂಲಕ ಕೇಳಬಹುದು. ಯಾರನ್ನೂ ಇಷ್ಟಕ್ಕೆ ವಿರುದ್ಧವಾಗಿ ತಡೆದು ಕೂರಿಸಲು ಬರುವುದಿಲ್ಲ. ಇದನ್ನು ಗುಂಪಿನವರೆಲ್ಲ ಒಟ್ಟಿಗೆ ಕುಳಿತು ಮೊದಲೇ ಮಾತನಾಡಿಕೊಂಡರೆ, ಕಂತು ತಪ್ಪಿದ ದಿನ ಸಿಟ್ಟು ಒಬ್ಬಳ ಮೇಲೆ ತಿರುಗುವುದಿಲ್ಲ.

ವಸೂಲಿಗೆ ಬಂದವರೊಂದಿಗೆ ಜಗಳಕ್ಕೆ ಇಳಿಯಬೇಡಿ, ಅಡಗಿ ಕೂರಲೂ ಬೇಡಿ. ಅವರ ಗುರುತಿನ ಚೀಟಿಯನ್ನೂ ಸಂಸ್ಥೆಯ ಅಧಿಕಾರ ಪತ್ರವನ್ನೂ ತೋರಿಸಲು ಕೇಳಿ, ಹೆಸರು, ದಿನಾಂಕ, ಬಂದ ವೇಳೆಯನ್ನು ಬರೆದಿಟ್ಟುಕೊಳ್ಳಿ. ಮನೆಯೊಳಗೆ ಕರೆಯಬೇಕೆಂಬ ನಿಯಮವೇನಿಲ್ಲ. ಹೊಸ್ತಿಲಾಚೆ ನಿಂತೇ ಮಾತನಾಡಬಹುದು, ಮನೆಯ ಇನ್ನೊಬ್ಬರನ್ನೋ ನಂಬಿಕೆಯ ನೆರೆಯವರನ್ನೋ ಸಾಕ್ಷಿಯಾಗಿ ಜೊತೆಗಿರಿಸಿಕೊಳ್ಳುವುದು ಒಳ್ಳೆಯದು. ಮಾತುಕತೆಯನ್ನು ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ಬೆದರಿಕೆಯ ವಾಟ್ಸ್‌ಆ್ಯಪ್ ಸಂದೇಶಗಳನ್ನು ಅಳಿಸಬೇಡಿ, ರೆಕಾರ್ಡ್ ಆದ ಫೋನನ್ನು ಮಾರಬೇಡಿ, ಏಕೆಂದರೆ ಮುಂದೆ ಸಾಕ್ಷ್ಯವಾಗಿ ಮೂಲ ಸಾಧನವೇ ಬೇಕಾಗಬಹುದು. ಖಾಲಿ ಹಾಳೆಗೆ, ಖಾಲಿ ಚೆಕ್ಕಿಗೆ, ಓದಲಾಗದ ಕಾಗದಕ್ಕೆ ಸಹಿ ಹಾಕಬೇಡಿ. ‘ನಾಳೆ ಹೇಗಾದರೂ ಕಟ್ಟುತ್ತೇನೆ’ ಎಂದು ಆ ಹೊತ್ತಿನಿಂದ ಪಾರಾಗಲು ಹೇಳುವ ಮಾತು, ಮರುದಿನ ಹೆಚ್ಚಿನ ಬಡ್ಡಿಗೆ ಇನ್ನೊಂದು ಕೈಸಾಲಕ್ಕೆ ದೂಡುತ್ತದೆ. ಸ್ವಲ್ಪವಾದರೂ ಹಣ ಕೊಡುವುದಾದರೆ ರಸೀದಿ ಪಡೆದೇ ಕೊಡಿ, ಸಾಧ್ಯವಿದ್ದರೆ ಸಂಸ್ಥೆಯ ಖಾತೆಗೇ ಹಾಕಿ. ಏಜೆಂಟರ ಸ್ವಂತ ಫೋನ್ ಪೇ ಸಂಖ್ಯೆಗೆ ಎಂದೂ ಹಾಕಬೇಡಿ.

‘ಪೊಲೀಸರನ್ನು ಕರೆಸಿ ಜೈಲಿಗೆ ಹಾಕಿಸುತ್ತೇವೆ’ ಎಂಬ ಮಾತಿಗೆ ಹೆಚ್ಚಿನವರು ಬೆಚ್ಚಿಬೀಳುತ್ತಾರೆ. ಸಾಲದ ಕಂತು ಕಟ್ಟಲಾಗದಿರುವುದು ತನ್ನಷ್ಟಕ್ಕೆ ಅಪರಾಧವಲ್ಲ, ಸಿವಿಲ್ ವ್ಯವಹಾರ. ನಿಜವಾಗಿಯೂ ಕಟ್ಟಲು ಗತಿಯಿಲ್ಲದವರನ್ನು ಸಾಲದ ಡಿಕ್ರಿಗಾಗಿ, ಅಂದರೆ ಹಣ ಕಟ್ಟುವಂತೆ ನ್ಯಾಯಾಲಯ ಕೊಟ್ಟ ತೀರ್ಪಿಗಾಗಿ, ಸೆರೆಗೆ ಹಾಕುವುದು ಸಂವಿಧಾನದ 21ನೇ ವಿಧಿಗೆ ವಿರುದ್ಧ ಎಂದು ಸುಪ್ರೀಂ ಕೋರ್ಟ್ 1980ರಲ್ಲೇ ಜಾಲಿ ಜಾರ್ಜ್ ವರ್ಗೀಸ್ ಪ್ರಕರಣದಲ್ಲಿ ಹೇಳಿದೆ. ಆದರೆ ಚೆಕ್ ಬೌನ್ಸ್ ಬೇರೆ ಮಾತು. ಅದು ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 138ನೇ ಕಲಮಿನಡಿ ಅಪರಾಧ, ಮತ್ತು ನೋಟಿಸ್ ಕೈಸೇರಿದ ಮೇಲೆ ಹಣ ಕಟ್ಟಲು ನಿಮಗಿರುವುದು 15 ದಿನ ಮಾತ್ರ. ಆದ್ದರಿಂದ ರಿಜಿಸ್ಟರ್ಡ್ ಅಂಚೆಯನ್ನು ಹಿಂದಿರುಗಿಸಬೇಡಿ, ತೆಗೆದುಕೊಂಡ ದಿನವೇ ವಕೀಲರಿಗೆ ತೋರಿಸಿ. ಮನೆಗೆ ಬೀಗ ಜಡಿಯುತ್ತೇವೆಂಬ ಬೆದರಿಕೆಯೂ ಹೀಗೆಯೇ: ಅಡಮಾನವಿಲ್ಲದ ಸಾಲಕ್ಕೆ ನ್ಯಾಯಾಲಯದ ಆದೇಶವಿಲ್ಲದೆ ಯಾರೂ ಮನೆ ಮುಟ್ಟುವಂತಿಲ್ಲ, ಮನೆಯನ್ನು ಅಡಮಾನವಿಟ್ಟು ಪಡೆದ ಸಾಲಕ್ಕೂ, ಅಡಮಾನದ ಆಸ್ತಿಯನ್ನು ವಶಪಡಿಸಿಕೊಳ್ಳುವ ಕುರಿತ ಸರ್ಫೇಸಿ ಕಾಯ್ದೆಯಡಿ ಮೊದಲು 60 ದಿನಗಳ ನೋಟಿಸ್ ಕೊಡಬೇಕು, ಮತ್ತು ಕೃಷಿ ಜಮೀನು ಆ ಕಾಯ್ದೆಯ ವ್ಯಾಪ್ತಿಗೆ ಬರುವುದಿಲ್ಲ.

ಇನ್ನು ಬರೆಯುವ ಕೆಲಸ. ಸಂಸ್ಥೆಯ ಶಾಖಾ ವ್ಯವಸ್ಥಾಪಕರಿಗೂ ದೂರು ಪರಿಹಾರ ಅಧಿಕಾರಿಗೂ ಕನ್ನಡದಲ್ಲಿಯೇ ಪತ್ರ ಬರೆದು, ರಿಜಿಸ್ಟರ್ಡ್ ಅಂಚೆಯಲ್ಲಿ ಕಳುಹಿಸಿ, ಒಂದು ಪ್ರತಿಯನ್ನು ಇಟ್ಟುಕೊಳ್ಳಿ. ಹೀಗೆ ಬರೆಯಬಹುದು: ‘ನಾನು ನಿಮ್ಮ ಸಂಸ್ಥೆಯಿಂದ ಪಡೆದ ಸಾಲವನ್ನು ತೀರಿಸಲು ಸಿದ್ಧಳಿದ್ದೇನೆ. ಪತಿಯ ಅನಾರೋಗ್ಯದಿಂದ ಕುಟುಂಬದ ವರಮಾನ ಕುಸಿದಿರುವುದರಿಂದ ಈಗಿನ ಕಂತನ್ನು ಪೂರ್ತಿ ಕಟ್ಟಲಾಗುತ್ತಿಲ್ಲ. ತಿಂಗಳಿಗೆ ಇಷ್ಟು ರೂಪಾಯಿಯಂತೆ ಕಟ್ಟಲು ಅವಕಾಶ ಮಾಡಿಕೊಡಬೇಕು. ಅಸಲು, ಬಡ್ಡಿ ಮತ್ತು ದಂಡವನ್ನು ಬೇರೆ ಬೇರೆಯಾಗಿ ತೋರಿಸುವ ಲೆಕ್ಕಪಟ್ಟಿಯನ್ನು ಕೊಡಬೇಕು. ಇಂಥ ದಿನ ಇಂಥ ವೇಳೆಗೆ ನಿಮ್ಮ ಸಿಬ್ಬಂದಿ ಮನೆಗೆ ಬಂದು ಆಡಿದ ಮಾತುಗಳ ಬಗ್ಗೆ ಕ್ರಮ ಕೈಗೊಂಡು ಲಿಖಿತ ಉತ್ತರ ನೀಡಬೇಕು.’ ಕಟ್ಟಲಾಗದ ಮೊತ್ತವನ್ನು ಇದರಲ್ಲಿ ಒಪ್ಪಿಕೊಳ್ಳಬೇಡಿ. ಸಣ್ಣದಾದರೂ ತಪ್ಪದೆ ಕಟ್ಟಬಲ್ಲ ಮೊತ್ತವನ್ನೇ ಬರೆಯಿರಿ. ಕಿರುಸಾಲದಲ್ಲಿ ತಡವಾದುದಕ್ಕೆ ದಂಡ ಹಾಕುವುದಾದರೆ ಅದು ಬಾಕಿಯಾದ ಕಂತಿನ ಮೇಲೆ ಮಾತ್ರ, ಇಡೀ ಸಾಲದ ಮೇಲೆ ಅಲ್ಲ ಎಂಬುದನ್ನು ಲೆಕ್ಕಪಟ್ಟಿ ಬಂದಾಗ ಪರೀಕ್ಷಿಸಿ.

ಸಂಸ್ಥೆ 30 ದಿನಗಳಲ್ಲಿ ಉತ್ತರಿಸದಿದ್ದರೆ, ಅಥವಾ ಉತ್ತರ ಸಮಾಧಾನ ತರದಿದ್ದರೆ, ರಿಸರ್ವ್ ಬ್ಯಾಂಕಿನ ದೂರು ವಿಚಾರಣಾ ಅಧಿಕಾರಿಯಾದ ಒಂಬುಡ್ಸ್‌ಮನ್‌ಗೆ ದೂರು ಸಲ್ಲಿಸಿ. ಇದಕ್ಕೆ ಶುಲ್ಕವಿಲ್ಲ, ವಕೀಲರ ಅಗತ್ಯವೂ ಇಲ್ಲ. ರಿಸರ್ವ್ ಬ್ಯಾಂಕಿನ ಆನ್‌ಲೈನ್ ದೂರು ತಾಣವಾದ ಸಿಎಂಎಸ್ ಪೋರ್ಟಲ್ ಮೂಲಕ ಅಥವಾ ಅಂಚೆಯಲ್ಲಿ ಕಳುಹಿಸಬಹುದು. ಮಾಹಿತಿಗೆ 14448 ಸಂಖ್ಯೆಗೆ ಕರೆ ಮಾಡಬಹುದು. ಸಂಸ್ಥೆಗೆ ಮೊದಲು ಬರೆಯದೆ ನೇರವಾಗಿ ಇಲ್ಲಿಗೆ ಹೋದರೆ ದೂರು ತಿರಸ್ಕೃತವಾಗುತ್ತದೆ, ಹಾಗಾಗಿಯೇ ಮೇಲಿನ ಪತ್ರ ಅಷ್ಟು ಮುಖ್ಯ. ಸಾಲ ನೀಡುವುದೂ ಗ್ರಾಹಕ ಸಂರಕ್ಷಣಾ ಕಾಯ್ದೆ, 2019ರ ಅರ್ಥದಲ್ಲಿ ಒಂದು ಸೇವೆಯಾದುದರಿಂದ, ಸೇವಾ ನ್ಯೂನತೆಗೆ ಜಿಲ್ಲಾ ಗ್ರಾಹಕ ಆಯೋಗದಲ್ಲಿ ಎರಡು ವರ್ಷಗಳೊಳಗೆ ಪರಿಹಾರ ಕೇಳಬಹುದು. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915.

ಬೆದರಿಕೆ, ಹಲ್ಲೆ, ಮನೆಗೆ ನುಗ್ಗುವುದು ನಡೆದರೆ ಯಾವ 30 ದಿನವನ್ನೂ ಕಾಯಬೇಕಿಲ್ಲ. 112ಕ್ಕೆ ಕರೆ ಮಾಡಿ, ನಂತರ ಠಾಣೆಯಲ್ಲಿ ಲಿಖಿತ ದೂರು ಕೊಡಿ. ಭಾರತೀಯ ನ್ಯಾಯ ಸಂಹಿತೆಯ 351ನೇ ಕಲಂ ಬೆದರಿಕೆಗೆ, 329ನೇ ಕಲಂ ಅತಿಕ್ರಮ ಪ್ರವೇಶಕ್ಕೆ, 126ನೇ ಕಲಂ ಅಡ್ಡಗಟ್ಟಿ ತಡೆಯುವುದಕ್ಕೆ, 79ನೇ ಕಲಂ ಹೆಣ್ಣಿನ ಮಾನಕ್ಕೆ ಕುಂದು ತರುವ ಮಾತಿಗೆ ಅನ್ವಯವಾಗುತ್ತವೆ. ಇದರ ಮೇಲೆ ಕರ್ನಾಟಕ ಸರ್ಕಾರ 2025ರ ಫೆಬ್ರವರಿಯಲ್ಲಿ ಸುಗ್ರೀವಾಜ್ಞೆಯಾಗಿ ತಂದು ಅದೇ ವರ್ಷ ಕಾಯ್ದೆಯಾಗಿಸಿದ ಕಿರುಸಾಲ ಕಾನೂನಿನಲ್ಲಿ, ಬಲವಂತದ ವಸೂಲಿಗೆ 6 ತಿಂಗಳಿಂದ 10 ವರ್ಷದವರೆಗೆ ಸೆರೆವಾಸ ಮತ್ತು 5 ಲಕ್ಷ ರೂಪಾಯಿಯವರೆಗೆ ದಂಡವಿದೆ. ಪೊಲೀಸರು ದೂರನ್ನು ದಾಖಲಿಸಿಕೊಳ್ಳಲು ನಿರಾಕರಿಸುವಂತಿಲ್ಲ. ಈ ಕಾನೂನಿನ ಮುಖ್ಯ ಗುರಿ ನೋಂದಣಿಯಿಲ್ಲದೆ ಸಾಲ ಕೊಡುವವರು. ಅಂಥವರು ಜಿಲ್ಲಾಧಿಕಾರಿಯವರಲ್ಲಿ ನೋಂದಾಯಿಸಿಕೊಳ್ಳಬೇಕಾಗಿರುವುದರಿಂದ ನಿಮ್ಮ ದೂರಿನ ಒಂದು ಪ್ರತಿಯನ್ನು ಜಿಲ್ಲಾಧಿಕಾರಿ ಕಚೇರಿಗೂ ಕೊಟ್ಟು ಸ್ವೀಕೃತಿ ಪಡೆಯಿರಿ. ಮೊಬೈಲ್ ಸಾಲದ ಆ್ಯಪ್‌ನವರು ಫೋಟೊ ತಿರುಚಿ ಸಂಬಂಧಿಕರಿಗೆ ಕಳುಹಿಸುತ್ತಿದ್ದರೆ ಸೈಬರ್ ಸಹಾಯವಾಣಿ 1930ಕ್ಕೆ ತಿಳಿಸಿ; ರಿಸರ್ವ್ ಬ್ಯಾಂಕಿನ ನಿಯಮದಂತೆ ಸಾಲದ ಆ್ಯಪ್ ನಿಮ್ಮ ಫೋನಿನ ಸಂಪರ್ಕಪಟ್ಟಿಯನ್ನಾಗಲಿ ಚಿತ್ರಗಳನ್ನಾಗಲಿ ನೋಡುವಂತೆಯೇ ಇಲ್ಲ.

ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ವರಮಾನದ ಮಿತಿಯಿಲ್ಲದೆ ಉಚಿತ ಕಾನೂನು ನೆರವು ದೊರೆಯುತ್ತದೆ. ತಾಲ್ಲೂಕು ನ್ಯಾಯಾಲಯದ ಆವರಣದಲ್ಲಿರುವ ಕಾನೂನು ಸೇವಾ ಸಮಿತಿಗೆ ಹೋಗಬಹುದು ಅಥವಾ 15100ಕ್ಕೆ ಕರೆ ಮಾಡಬಹುದು. ಅಲ್ಲಿಂದಲೇ ಲೋಕ ಅದಾಲತ್‌ನಲ್ಲಿ ರಾಜಿಗೆ ಪ್ರಯತ್ನಿಸಬಹುದು. ರಾಜಿಯಾದರೆ ಮೊತ್ತ, ಕೊನೆಯ ದಿನಾಂಕ ಮತ್ತು ಉಳಿದ ಬಾಕಿ ಮನ್ನಾ ಎಂಬ ಮಾತು ಬರವಣಿಗೆಯಲ್ಲಿ ಇರುವಂತೆ ನೋಡಿಕೊಳ್ಳಿ. ಸಾಲ ‘ಸೆಟ್ಲ್ಡ್’ ಎಂದು ದಾಖಲಾದರೆ ಮುಂದೆ ಬ್ಯಾಂಕ್ ಸಾಲ ಸಿಗುವುದು ಕಷ್ಟವಾಗುತ್ತದೆ ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಕೊನೆಯ ಕಂತು ಕಟ್ಟಿದ ದಿನವೇ ಬೇಬಾಕಿ ಪತ್ರವನ್ನೂ ಕೊಟ್ಟಿದ್ದ ಚೆಕ್ಕುಗಳನ್ನೂ ಕೇಳಿ ಹಿಂಪಡೆದು, ಕೆಲವು ವಾರಗಳ ನಂತರ, ನಿಮ್ಮ ಸಾಲಗಳ ಇತಿಹಾಸ ತೋರಿಸುವ ಸಿಬಿಲ್ ವರದಿಯಲ್ಲಿ ಆ ಖಾತೆ ಮುಕ್ತಾಯಗೊಂಡಿದೆಯೇ ಎಂದು ಪರಿಶೀಲಿಸಿ.