ಡಯಾಲಿಸಿಸ್ ಮನೆಯಲ್ಲೋ ಆಸ್ಪತ್ರೆಯಲ್ಲೋ: ತಿಂಗಳ ಲೆಕ್ಕ ಹಾಕುವ ಬಗೆ

ಎರಡರಲ್ಲಿ ಯಾವುದಾದರೂ ಸರಿ ಎಂದು ನೆಫ್ರಾಲಜಿಸ್ಟ್ (ಕಿಡ್ನಿ ವೈದ್ಯರು) ಹೇಳಿದ ಮೇಲಷ್ಟೇ ಈ ಲೆಕ್ಕಕ್ಕೆ ಕೂರಿ. ಹರ್ನಿಯಾ ಇದ್ದವರಿಗೆ, ಹೊಟ್ಟೆಯ ದೊಡ್ಡ ಆಪರೇಷನ್ ಆದವರಿಗೆ ಮನೆಯ ಹೊಟ್ಟೆ ಡಯಾಲಿಸಿಸ್ (ಸಿಎಪಿಡಿ: ಕೊಳವೆಯಿಂದ ಹೊಟ್ಟೆಗೆ ದ್ರವ ತುಂಬಿ, ಕೆಲವು ಗಂಟೆ ಬಿಟ್ಟು ಹೊರಬಿಡುವುದು) ಹೊಂದದಿರಬಹುದು.

ಮೊದಲು ಆಸ್ಪತ್ರೆಯದು. ವಾರಕ್ಕೆ ಮೂರು ಸಲ ಎಂದರೆ ವರ್ಷಕ್ಕೆ 156, ತಿಂಗಳಿಗೆ 13. ಹೆಚ್ಚಿನವರು 12 ಎಂದೇ ಬರೆದುಕೊಳ್ಳುತ್ತಾರೆ. ಬಿಪಿಎಲ್ ಕಾರ್ಡಿನವರಿಗೆ ಸರ್ಕಾರಿ ಆಸ್ಪತ್ರೆಯಲ್ಲಿ ಡಯಾಲಿಸಿಸ್ ಉಚಿತ, ಆದರೆ ದುಡ್ಡು ಸೋರುವುದು ಬೇರೆ ಕಡೆ. ಯಂತ್ರದ ಮೇಲೆ ನಾಲ್ಕು ಗಂಟೆ. ಬಸ್ಸು, ಸರದಿ, ಆಮೇಲಿನ ಸುಸ್ತು ಸೇರಿದರೆ ಇಡೀ ದಿನ ಹೋಯಿತು. ಜೊತೆಗೆ ಬರುವವರ ಕೂಲಿ 600, ಇಬ್ಬರ ಬಸ್ಸು, ಆಟೊ, ಊಟ 400 ರೂಪಾಯಿ ಎಂದು ಹಿಡಿದರೂ ತಿಂಗಳಿಗೆ 13,000. ರೋಗಿಯ ಕೂಲಿ ಇದರಲ್ಲಿ ಸೇರಿಲ್ಲ. ಖಾಸಗಿಯಾದರೆ ಡಯಲೈಸರ್ (ರಕ್ತ ಸೋಸುವ ಫಿಲ್ಟರ್) ಹೊಸದೋ, ತೊಳೆದು ಮತ್ತೆ ಬಳಸಿದ್ದೋ, ಟ್ಯೂಬಿಂಗ್ (ರಕ್ತ ಹರಿಯುವ ಕೊಳವೆಗಳು) ಪ್ಯಾಕೇಜಿನಲ್ಲಿದೆಯೋ ಕೇಳಿ. ಉಳಿತಾಯಕ್ಕೆಂದು ವಾರಕ್ಕೆ ಎರಡಕ್ಕೆ ಇಳಿಸಿ ಮಾತ್ರ ಹೋಲಿಸಬೇಡಿ: ಶ್ವಾಸಕೋಶದಲ್ಲಿ ನೀರು ತುಂಬಿ, ಪೊಟ್ಯಾಸಿಯಂ ಏರಿ ಐಸಿಯು ಸೇರಿದರೆ ಉಳಿಸಿದ್ದೆಲ್ಲ ಒಂದೇ ಬಿಲ್ಲಿಗೆ ಹೋಗುತ್ತದೆ.

ಮನೆಯಲ್ಲಾದರೆ ದಿನಕ್ಕೆ ಮೂರೋ ನಾಲ್ಕೋ ಚೀಲ ದ್ರವ, ಸಾಮಾನ್ಯವಾಗಿ ಎರಡು ಲೀಟರಿನವು. ಮನೆ ಬಾಗಿಲಿಗೆ ತಲುಪಿಸುವ ದರವನ್ನೇ ಕೇಳಿ. ಚೀಲಕ್ಕೆ 250 ರೂಪಾಯಿ ಎಂದಿಟ್ಟುಕೊಂಡರೆ, ಮೂರರ ಲೆಕ್ಕದಲ್ಲಿ 90 ಚೀಲಕ್ಕೆ 22,500. ಪ್ರತಿ ಸಲಕ್ಕೂ ಹೊಸ ಮಿನಿಕ್ಯಾಪ್ (ಕೊಳವೆಯ ತುದಿಯ ಮುಚ್ಚಳ), ಗಾಯಕ್ಕೆ ಕಟ್ಟುವ ಗಾಜ್ ಬಟ್ಟೆ, ಆರು ತಿಂಗಳಿಗೊಮ್ಮೆ ಟ್ರಾನ್ಸ್‌ಫರ್ ಸೆಟ್ (ಹೊಟ್ಟೆಯ ಕೊಳವೆಗೂ ಚೀಲಕ್ಕೂ ನಡುವಿನ ಜೋಡಣೆ) ಸೇರಿಸಿ. ದ್ರವದ ಜೊತೆ ಪ್ರೋಟೀನೂ ಹೊರಹೋಗುವುದರಿಂದ ಮೊಟ್ಟೆ, ಮೀನಿನ ಖರ್ಚು ಏರುತ್ತದೆ. ಫಿಸ್ಟುಲಾ (ಯಂತ್ರಕ್ಕೆ ರಕ್ತ ಕೊಡಲು ಕೈಯ ರಕ್ತನಾಳಗಳನ್ನು ಜೋಡಿಸುವುದು), ಕ್ಯಾತಿಟರ್ (ಹೊಟ್ಟೆಗೆ ಹಾಕುವ ಕೊಳವೆ) ಆಪರೇಷನ್‌ಗಳು ಒಂದು ಸಲದ ಖರ್ಚು, ಅವಕ್ಕೆ ಬೇರೆ ಸಾಲು. ರಕ್ತ ಪರೀಕ್ಷೆ, ಹಿಮೋಗ್ಲೋಬಿನ್ ಏರಿಸುವ ಚುಚ್ಚುಮದ್ದು ಎರಡೂ ಕಡೆ ಇವೆ.

ಮನೆಯ ಲೆಕ್ಕ ಬುಡಮೇಲಾಗುವುದು ಹೊಟ್ಟೆಯ ಸೋಂಕಿನಿಂದ. ಕೊಳವೆಯ ತುದಿಗೆ ಬೆರಳು ತಾಗಿದರೆ ಸಾಕು. ಫ್ಯಾನ್ ಆರಿಸಿ, ಕಿಟಕಿ ಮುಚ್ಚಿ, ಮಾಸ್ಕ್ ಹಾಕಿ, ಕೈ ಸೋಪಿನಲ್ಲಿ ತೊಳೆದು ಒರೆಸಿಕೊಂಡೇ ಜೋಡಿಸಬೇಕು. ಚೀಲವನ್ನು ಬಿಸಿನೀರಲ್ಲಿ ಅದ್ದಬೇಡಿ, ಒಣ ಶಾಖವೇ ಸರಿ. ಹೊರಬಂದ ದ್ರವ ಮಸುಕಾಗಿ ಹೊಟ್ಟೆ ನೋವಿದ್ದರೆ ಅದೇ ಚೀಲ ಹಿಡಿದು ಅಂದೇ ಆಸ್ಪತ್ರೆಗೆ ಹೋಗಿ. ತಡವಾದರೆ ಕ್ಯಾತಿಟರ್ ತೆಗೆಸಿ ಯಂತ್ರಕ್ಕೆ ಮರಳಬೇಕಾದೀತು. ಆದ್ದರಿಂದ ಒಂದು ತಿಂಗಳ ಚೀಲದ ದುಡ್ಡು ಸದಾ ಕೈಯಲ್ಲಿರಲಿ. ದ್ರವ ನಿಧಾನ ಇಳಿದರೆ ಮೊದಲು ಕೊಳವೆ ಮಡಚಿದೆಯೋ ನೋಡಿ. ಎಷ್ಟೋ ಸಲ ಕಾರಣ ಮಲಬದ್ಧತೆ.

ಕೇಂದ್ರ ಹತ್ತಿರವಿದ್ದು ಉಚಿತವಾಗಿದ್ದರೆ ಆಸ್ಪತ್ರೆಯೇ ಅಗ್ಗ. ದೂರದ ಊರಾಗಿ ಇಬ್ಬರ ದುಡಿಮೆ ನಿಲ್ಲುವಂತಿದ್ದರೆ ಮನೆಯದು ಗೆಲ್ಲಬಹುದು. ಆಸ್ಪತ್ರೆಗೆ ದಾಖಲಾಗದೆ ಮನೆಯಲ್ಲಿ ಬಳಸುವ ಚೀಲಕ್ಕೆ ವಿಮೆಯವರು ದುಡ್ಡು ಕೊಡುತ್ತಾರೋ ಎಂಬುದನ್ನು ಬರಹದಲ್ಲೇ ಪಡೆಯಿರಿ. ಮಲೆನಾಡಿನಲ್ಲಿ ಮಳೆಗೆ ರಸ್ತೆ ಕಟ್ಟಾಗುವುದುಂಟು, ಅಲ್ಲಿಯವರು ಒಂದು ವಾರದ ಚೀಲ ಹೆಚ್ಚಿಗೆ ತರಿಸಿ ಒಣ ಜಾಗದಲ್ಲಿಡಿ.