ಗೇರ್‌ಬಾಕ್ಸ್ ಇಳಿಸುವ ಮೊದಲು ಬಾಗಿಲ ಲಾಕ್ ನೋಡಿದೆ

ನನ್ನ ಹತ್ತಿರ 1984ರ ಮರ್ಸಿಡಿಸ್ 300ಡಿ ಇದೆ. ಹಳೆ ಡಬ್ಲ್ಯೂ123, ಐದು ಸಿಲಿಂಡರಿನ ಡೀಸೆಲ್, ನಾಲ್ಕು ಗೇರಿನ ಆಟೋಮ್ಯಾಟಿಕ್. ಹೋದ ಮಳೆಗಾಲದಲ್ಲಿ ಗೇರ್ ಬದಲಾದಾಗಲೆಲ್ಲ ಹಿಂದಿನಿಂದ ಯಾರೋ ಒದ್ದ ಹಾಗೆ ಧಡ್ ಅನ್ನತೊಡಗಿತು. ಬೆಳಗಾವಿಯ ಕ್ಯಾಂಪ್ ಕಡೆ ಹೋಗುವಾಗ ಪಕ್ಕದಲ್ಲಿ ಕೂತ ಅವ್ವ ಪ್ರತಿ ಸಲ ಡ್ಯಾಶ್‌ಬೋರ್ಡ್ ಹಿಡಿಯುತ್ತಿದ್ದಳು.

ಗ್ಯಾರೇಜಿನವರು ಒಂದು ಸುತ್ತು ಓಡಿಸಿ, "ಸಾಹೇಬ್ರ, ಬಾಕ್ಸ್ ಇಳಸೂದ ಬೇಕ್ರಿ, ಸಾಮಾನು ಮುಂಬೈಯಿಂದ ತರಸೋಣು" ಅಂದರು. ಖರ್ಚು ಕೇಳಿ ಸುಮ್ನೆ ಗಾಡಿ ವಾಪಸ್ ತಂದೆ.

ಮೊದಲು ಗೇರ್‌ಬಾಕ್ಸಿನ ಆಯಿಲ್. ಇಲ್ಲಿ ನಾನೇ ಎಡವಟ್ಟು ಮಾಡಿಕೊಂಡೆ. ಬೆಳಿಗ್ಗೆ ತಣ್ಣಗಿದ್ದಾಗ ಡಿಪ್‌ಸ್ಟಿಕ್ ಎಳೆದೆ, ಕಡಿಮೆ ಕಾಣಿಸಿತು, ಅರ್ಧ ಲೀಟರ್ ಸುರಿದೆ. ಈ ಬಾಕ್ಸಿನಲ್ಲಿ ಮಟ್ಟ ನೋಡಬೇಕಾದ್ದು ಆಯಿಲ್ 80 ಡಿಗ್ರಿಯಷ್ಟು ಕಾದ ಮೇಲೆ, ಸಮತಟ್ಟು ಜಾಗದಲ್ಲಿ, ಎಂಜಿನ್ ಓಡುತ್ತಿರುವಾಗ, ಪಾರ್ಕ್‌ನಲ್ಲಿ ಇಟ್ಟು. ತಣ್ಣಗಿದ್ದಾಗ ಕೆಳಗಿನ ಗೆರೆಗಿಂತ ಕೆಳಗೇ ಇರುತ್ತದೆ. ಎರಡು ಗೆರೆಗಳ ನಡುವಿನ ಅಂತರ ಬರೀ 0.3 ಲೀಟರ್, ಜಾಸ್ತಿಯಾದರೆ ಒಳಗೆ ನೊರೆ ಏಳುತ್ತದೆ. ಹಾಕಿದ್ದನ್ನು ಸಿರಿಂಜಿಗೆ ಸಣ್ಣ ಪೈಪು ಸಿಕ್ಕಿಸಿ ಹೀರಿ ತೆಗೆದೆ. ಆಯಿಲ್ ಕೆಂಪಗಿತ್ತು, ಸುಟ್ಟ ವಾಸನೆ ಇರಲಿಲ್ಲ. ಸ್ವಲ್ಪ ಧೈರ್ಯ ಬಂತು. ಯಾವ ವೇಗಕ್ಕೆ ಗೇರ್ ಬದಲಾಗಬೇಕೋ ಆಗಲೇ ಬದಲಾಗುತ್ತಿತ್ತು, ಹಾಗಾಗಿ ಅದನ್ನು ಹೊಂದಿಸುವ ಬೌಡನ್ ಕೇಬಲ್ ಮುಟ್ಟಲಿಲ್ಲ.

ಆಮೇಲೆ ಎಂಜಿನ್ ನಿಲ್ಲಿಸಲು ಕೀ ತಿರುಗಿಸಿದೆ. ಎಂಜಿನ್ ಓಡುತ್ತಲೇ ಇತ್ತು. ಕೆಲವು ವಾರಗಳಿಂದ ಬಾನೆಟ್ ಎತ್ತಿ ಸ್ಟಾಪ್ ಲಿವರ್ ಒತ್ತಿಯೇ ನಿಲ್ಲಿಸುತ್ತಿದ್ದೆ, ಹಳೆ ಗಾಡಿಯ ಚಾಳಿ ಅಂತ ಬಿಟ್ಟಿದ್ದೆ. ಸೆಂಟ್ರಲ್ ಲಾಕ್ ಕೂಡ ಸತ್ತಿತ್ತು. ಆಗ ಹೊಳೆಯಿತು, ಗೇರ್, ಎಂಜಿನ್ ಆಫ್, ಲಾಕ್ ಮೂರೂ ನಡೆಯುವುದು ವ್ಯಾಕ್ಯೂಮಿನ (ಪೈಪಿನ ಗಾಳಿ ಹೀರಿದಾಗ ಹುಟ್ಟುವ ಎಳೆತದ) ಮೇಲೆ ಅಲ್ವಾ! ಡೀಸೆಲ್ ಆದ್ದರಿಂದ ಎಂಜಿನ್ ಮುಂದೆ ಅದಕ್ಕೇ ಅಂತ ಬೇರೆ ಪಂಪ್ ಇರುತ್ತದೆ. ಬ್ರೇಕ್ ಬೂಸ್ಟರ್, ಬಾಗಿಲ ಲಾಕ್, ಎಂಜಿನ್ ಆಫ್, ಗೇರ್‌ಬಾಕ್ಸಿನ ಮಾಡ್ಯುಲೇಟರ್ (ಗೇರ್ ಎಷ್ಟು ಬಿರುಸಾಗಿ ಬೀಳಬೇಕು ಅಂತ ತೀರ್ಮಾನಿಸುವ ಭಾಗ), ಎಲ್ಲವೂ ಅದರಿಂದಲೇ. ಆಕ್ಸಿಲರೇಟರ್ ತುಳಿದಷ್ಟೂ ಮಾಡ್ಯುಲೇಟರಿಗೆ ಹೋಗುವ ವ್ಯಾಕ್ಯೂಮ್ ಕಡಿಮೆಯಾಗುತ್ತದೆ. ಪೈಪು ಸೋರಿದರೂ ಕಡಿಮೆಯಾಗುತ್ತದೆ, ಆದರೆ ಆ ಬಾಕ್ಸಿಗೆ ಎರಡರ ವ್ಯತ್ಯಾಸ ಹೇಗೆ ಗೊತ್ತಾಗಬೇಕು? ಜೋರಾಗಿ ತುಳಿದಿದ್ದಾನೆ ಅಂತ ಒಳಗಿನ ಒತ್ತಡ ಏರಿಸುತ್ತದೆ, ಅದೇ ಆ ಧಡ್.

ಗೇಜ್ ಇರುವ ಕೈಪಂಪ್ ತಂದು ಕೂತೆ. ಎಂಜಿನ್ನಿನ ಪಂಪಿನ ಬುಡದಲ್ಲಿ 22 ಇಂಚು (ವ್ಯಾಕ್ಯೂಮ್ ಅಳೆಯುವುದು ಪಾದರಸದ ಇಂಚಿನಲ್ಲಿ), ಗೇರ್‌ಬಾಕ್ಸಿನ ತುದಿಯಲ್ಲಿ ಬರೀ 3. ಮಾಡ್ಯುಲೇಟರಿನ ಪೈಪಿನೊಳಗೆ ಆಯಿಲ್ ಇರಲಿಲ್ಲ, ಕೈಪಂಪಿನಿಂದ ಎಳೆದರೆ ಮುಳ್ಳು ಅಲ್ಲಾಡದೆ ನಿಂತಿತು. ಅಂದರೆ ಅದರ ಡಯಾಫ್ರಾಮ್, ಒಳಗಿನ ರಬ್ಬರ್ ಪರದೆ, ಹರಿದಿಲ್ಲ. ಹಾಗಾದರೆ ಸೋರುವುದು ನಡುವೆ ಎಲ್ಲೋ. ಲಾಕಿಗೆ ಹೋಗುವ ಪೈಪು ಕಿತ್ತು, ಆ ಬಾಯಿಗೆ ಸ್ಕ್ರೂ ತುರುಕಿ ಮುಚ್ಚಿದೆ. ಕೀ ತಿರುಗಿಸಿದ ಕೂಡಲೇ ಎಂಜಿನ್ ಗಪ್!

ಒಂದೊಂದೇ ಬಾಗಿಲು ಬಿಚ್ಚಿದಾಗ ಹಿಂದಿನ ಎಡಬಾಗಿಲಿನ ಡಯಾಫ್ರಾಮ್ ಹರಿದದ್ದು ಸಿಕ್ಕಿತು. ಇಂಜೆಕ್ಷನ್ ಪಂಪಿನ ಮೇಲೆ, ಮಾಡ್ಯುಲೇಟರಿಗೆ ಹೋಗುವ ವ್ಯಾಕ್ಯೂಮ್ ಹೆಚ್ಚುಕಡಿಮೆ ಮಾಡುವ ವಾಲ್ವಿನ ರಬ್ಬರ್ ಎಲ್ಬೋ (ಬಾಗಿದ ಜೋಡಣೆ) ಕೂಡ ಡೀಸೆಲ್ ಕುಡಿದು ಮೆತ್ತಗಾಗಿತ್ತು. ಅಷ್ಟು ದೊಡ್ಡ ಹೈಡ್ರಾಲಿಕ್ ಸಾಮಾನು ತಯಾರಾಗುವ ಉದ್ಯಮಬಾಗದಲ್ಲಿ ನನಗೆ ಆ ಬೆರಳುದ್ದದ ರಬ್ಬರ್ ಸಿಗಲಿಲ್ಲ, ಪುಣೆಯಿಂದ ತರಿಸಿದೆ.

ವಂಟಮೂರಿ ಘಾಟಿಗೆ ಒಯ್ದು ನೋಡಿದೆ. ಪೆಟ್ಟು ಹೋಗಿತ್ತು, ಆದರೆ ಈಗ ಉಲ್ಟಾ. ಎರಡರಿಂದ ಮೂರಕ್ಕೆ ಹೋಗುವಾಗ ಎಂಜಿನ್ ಒಮ್ಮೆ ಹುಯ್ ಅಂತ ಏರಿ ಆಮೇಲೆ ಹಿಡಿಯುತ್ತಿತ್ತು. ಇದು ಪೆಟ್ಟಿಗಿಂತ ಕೆಟ್ಟದ್ದು, ಕ್ಲಚ್ ಸುಡುತ್ತದೆ. ಹಿಂದೆ ಯಾರೋ ಪೆಟ್ಟು ತಗ್ಗಿಸಲು ಮಾಡ್ಯುಲೇಟರನ್ನೇ ಸಡಿಲ ಮಾಡಿದ್ದಿರಬೇಕು. ಅದರ ರಬ್ಬರ್ ಟೋಪಿ ತೆಗೆದು, ಒಳಗಿನ ಕೀಲಿಯನ್ನು ಅರ್ಧ ಸುತ್ತು ಬಿಗಿ ಮಾಡಿ ಮತ್ತೆ ಘಾಟಿ ಹತ್ತಿಸಿದೆ. ಈ ಸಲ ಮೂರನೆಯದು ನೇರವಾಗಿ ಬಿತ್ತು.

ಹಿಂದಿನ ಎಡಬಾಗಿಲಿಗೆ ಹೊಸ ಡಯಾಫ್ರಾಮ್ ಇನ್ನೂ ಸಿಕ್ಕಿಲ್ಲ. ಆ ಸ್ಕ್ರೂ ಈಗ ಅದರ ಪೈಪಿನಲ್ಲಿದೆ, ಆ ಬಾಗಿಲನ್ನು ಅವ್ವ ಕೈಯಿಂದ ಲಾಕ್ ಮಾಡುತ್ತಾಳೆ.