ಬಾಲ ಅಲ್ಲಾಡಿಸುತ್ತಿದ್ದ ನಮ್ಮ ಟ್ರೇಲರ್

ಅಮೆರಿಕದ ಫೀನಿಕ್ಸಿನ ಬಾಡಿಗೆ ಮನೆ ಖಾಲಿ ಮಾಡಿ ನಾವಿಬ್ಬರೂ ಟ್ರಾವೆಲ್ ಟ್ರೇಲರಿಗೆ, ಅಂದರೆ ಪಿಕಪ್ ಗಾಡಿಯ ಹಿಂದೆ ಎಳೆಯುವ ಚಕ್ರದ ಮನೆಗೆ, ಬಂದ ಮೊದಲ ದಿನ. ಟೂಸಾನ್ ಕಡೆಗೆ ಹೋಗುವ ಇಂಟರ್‌ಸ್ಟೇಟ್ 10 ಹೆದ್ದಾರಿಯಲ್ಲಿ ದೊಡ್ಡ ಲಾರಿಯೊಂದು ಪಕ್ಕದಲ್ಲೇ ದಾಟಿತು. ಅಷ್ಟೇ, ಹಿಂದಿನ ಟ್ರೇಲರ್ ಎಡಕ್ಕೂ ಬಲಕ್ಕೂ ಓಲಾಡತೊಡಗಿತು. "ರೀ, ಬ್ರೇಕ್ ಒತ್ಬೇಡಿ!" ಎಂದು ನನ್ನವಳು ಕೂಗಿದಳು. ಅವಳು ಹೇಳಿದ್ದೇ ಸರಿ. ಆಕ್ಸಿಲರೇಟರಿನಿಂದ ಕಾಲು ತೆಗೆದು, ಸ್ಟೀರಿಂಗ್ ನೇರ ಹಿಡಿದು, ಟ್ರೇಲರಿನ ಬ್ರೇಕನ್ನು ಮಾತ್ರ ಕೈಯಿಂದ ಮೆಲ್ಲಗೆ ಒತ್ತಿದೆ. ಓಲಾಟ ನಿಂತಿತು. ನನ್ನ ಕೈ ಮಾತ್ರ ಆಮೇಲೂ ನಡುಗುತ್ತಿತ್ತು.

ಮೊದಲು ಗಾಳಿಯನ್ನು ಬೈದೆ, ಆಮೇಲೆ ಟೈರನ್ನು. ಎರಡರದ್ದೂ ತಪ್ಪಿರಲಿಲ್ಲ. ಟ್ರಕ್ ಸ್ಟಾಪಿನ ತೂಕದ ಕಟ್ಟೆಯಲ್ಲಿ ಮೊದಲು ಟ್ರೇಲರ್ ಸಮೇತ, ಆಮೇಲೆ ಪಿಕಪ್ ಒಂದನ್ನೇ ತೂಗಿಸಿದೆವು. ಪಿಕಪ್ಪಿನ ಚಕ್ರಗಳ ಮೇಲೆ ಎಷ್ಟು ಜಾಸ್ತಿಯಾಗಿತ್ತೋ ಅದೇ ಹಿಚ್ (ಟ್ರೇಲರನ್ನು ಪಿಕಪ್ಪಿಗೆ ಜೋಡಿಸುವ ಕೊಂಡಿ) ಮೇಲೆ ಬಿದ್ದ ಭಾರ. ಟ್ರೇಲರ್ 5000 ಪೌಂಡ್, ಹಿಚ್ ಮೇಲೆ ಬರೀ 380. ಟ್ರೇಲರ್ ತೂಕದ ಶೇ. 10ರಿಂದ 15 ಹಿಚ್ ಮೇಲೆ ಇರಬೇಕು, ಕಮ್ಮಿಯಾದರೆ ಟ್ರೇಲರ್ ಓಲಾಡುತ್ತದೆ. ನಮ್ಮದು 8 ಕೂಡ ಇಲ್ಲ!

ಯಾಕೆ ಅಂದರೆ, ದೋಸೆ ಗ್ರೈಂಡರ್, ನಾಲ್ಕು ಮೂಟೆ ಅಕ್ಕಿ, ಪುಸ್ತಕಗಳು ಎಲ್ಲ ಹಿಂದಿನ ಮಂಚದ ಕೆಳಗೆ. ಸಾಲದ್ದಕ್ಕೆ ಹಿಂಭಾಗದಲ್ಲೇ ಇದ್ದ 40 ಗ್ಯಾಲನ್ ನೀರಿನ ಟ್ಯಾಂಕ್ ಭರ್ತಿ. ಒಂದು ಗ್ಯಾಲನ್ ಸುಮಾರು 8.3 ಪೌಂಡ್, ಲೆಕ್ಕ ಹಾಕಿ! ನೀರು ಖಾಲಿ ಮಾಡಿದೆವು. ಅಕ್ಕಿ, ಗ್ರೈಂಡರ್ ಆಕ್ಸಲಿನ ಮುಂದಕ್ಕೆ ಬಂದವು. ಪುಸ್ತಕ ಅರ್ಧ ಕೊಟ್ಟುಬಿಟ್ಟೆ, ಇನ್ನೂ ಹೊಟ್ಟೆ ಉರಿಯುತ್ತದೆ.

ಮತ್ತೆ ತೂಗಿದಾಗ ಒಟ್ಟು 4600, ಹಿಚ್ ಮೇಲೆ 580. ಈಗ ಲಾರಿ ದಾಟಿದರೆ ಸಣ್ಣ ತಳ್ಳು, ಅಷ್ಟೇ. ಗ್ರೈಂಡರ್ ಮಾತ್ರ ಬಾಗಿಲ ಪಕ್ಕದಲ್ಲಿದೆ, ದಿನಾ ಕಾಲಿಗೆ ಎಡವುತ್ತದೆ.